ಯಾರೂ ಹುಡುಕದ ನಂಬರು

"ಹಾಗಾದ್ರೆ ನಿನ್ನೆಯಿಂದ ನಾವು ಯಾರ ಹಿಂದೆ ಓಡಾಡ್ತಾ ಇದೀವಿ?"

ನಾಗಭೂಷಣ್ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಅವನ ಕೈಯಲ್ಲಿದ್ದ ಆಂಟೆನಾ ಮೂಲೆಯ ಮಂಚಕ್ಕೆ ಮುಖ ಮಾಡಿತ್ತು. ಕೊರಳಿಗೆ ನೇತುಹಾಕಿಕೊಂಡ ರಿಸೀವರ್ ಸೆಕೆಂಡಿಗೊಮ್ಮೆ ಟಕ್, ಟಕ್ ಎನ್ನುತ್ತಿತ್ತು. ಅಷ್ಟು ಗಟ್ಟಿಯಾಗಿ ಅದು ಬಡಿದುಕೊಳ್ಳುವುದು ಹತ್ತಡಿಯೊಳಗೆ ಬಂದಾಗ ಮಾತ್ರ.

ಮಂಚದ ಮೇಲಿದ್ದವರು ಗಂಗಾಧರಯ್ಯನವರಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿ. ಗೋಡೆಗೆ ಒರಗಿ, ಬಂದವರನ್ನು ನೋಡದೆ, ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದಳು. ಬಲಗೈ ಮಣಿಕಟ್ಟಿನಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ. ಅದರ ನಡುವೆ ಕೋಟಿನ ಗುಂಡಿಯಷ್ಟಗಲದ ಟ್ರಾನ್ಸ್‌ಮಿಟರ್.

ಏಳನೇ ನಂಬರು. ನಿನ್ನೆ ಬೆಳಿಗ್ಗೆ ಆರಕ್ಕೆ ಬಸವೇಶ್ವರನಗರದ ಮನೆಯಿಂದ ಎದ್ದು ಹೋದ ಗಂಗಾಧರಯ್ಯನವರ ಕೈಯಲ್ಲಿರಬೇಕಾದ ನಂಬರು, ಬಿನ್ನಿಪೇಟೆಯ ಈ ಒಂಟಿ ಕೋಣೆಯಲ್ಲಿ ಮಿಡಿಯುತ್ತಿತ್ತು.

"ಯಾಕ್ರೀ ಹಂಗ ನಿಂತೀರಿ? ಕುಂದರ್ರಿ," ಅಂದಳು ಅಜ್ಜಿಯ ಸೊಸೆ ದಾನಮ್ಮ. "ನಮ್ಮತ್ತಿ ಅಕ್ಕವ್ವ ಎಲ್ಲೂ ಹೋಗಿಲ್ರಿ. ಆಕಿ ತಾನಾಗಿ ಈ ಹೊಸ್ತಿಲಾ ದಾಟಿ ಆರು ತಿಂಗಳಾತು. ಮೊದಲೆಲ್ಲಾ ಬಾಗಲಾ ತೆಗೆದ್ರ ಸಾಕು, ಓಡ್ತಿದ್ಲು. ಈಗ ಕಾಲಽ ಬರಂಗಿಲ್ಲ. ಯಾರ ಕಳದಾರು?"

ನಾಗಭೂಷಣ್ ಆಂಟೆನಾ ಕೆಳಗಿಳಿಸಿದ.

ಬಸವರಾಜೇಶ್ವರಿ ಮಂಚದ ಪಕ್ಕ ಕೂತು ಅಜ್ಜಿಯ ಕೈ ಹಿಡಿದಳು. ಪೊಲೀಸ್ ವೈರ್‌ಲೆಸ್‌ನಲ್ಲಿ ಇಪ್ಪತ್ತೆಂಟು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು ನಿವೃತ್ತಿಯಾದವಳು. ಮರೆವಿನ ಕಾಯಿಲೆಯಲ್ಲಿ ಮನೆ ಬಿಟ್ಟು ನಡೆದುಬಿಡುವ ಹಿರಿಯರಿಗೆ ರೇಡಿಯೋ ಪಟ್ಟಿ ಕಟ್ಟುವ, ಕಳೆದುಹೋದರೆ ಹುಡುಕಿಕೊಡುವ ಬಳಗಕ್ಕೆ ಈಗ ಅವಳೇ ಕಿವಿ. ಎರಡು ತಿಂಗಳ ಹಿಂದೆ ಕೆಂಗೇರಿಯ ಕೆರೆಯಂಗಳದಲ್ಲಿ, ಹಾಗೆ ಕಳೆದುಹೋಗಿದ್ದ ಬೈರಪ್ಪನವರನ್ನು ಅವಳೇ ಹುಡುಕಿದ್ದಳು, ನಾಲ್ಕನೇ ದಿನಕ್ಕೆ. ಪಟ್ಟಿ ಮಿಡಿಯುತ್ತಿತ್ತು. ಕೈ ಮಿಡಿಯುತ್ತಿರಲಿಲ್ಲ. ಅಂದಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಸರಿಯಾಗಿ ಹಸಿವೂ ಆಗಿರಲಿಲ್ಲ.

ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಸರಿಸಿದಳು. ಅದರ ಕೆಳಗೆ, ಚರ್ಮದ ಮೇಲೆ, ಒಣಗಿದ ವಿಭೂತಿಯ ಮೂರು ಗೆರೆ.

ಹೊಸ್ತಿಲಲ್ಲಿ ಸುವರ್ಣಾ ನಿಂತಿದ್ದಳು. ಗಂಗಾಧರಯ್ಯನವರ ಮಗಳು. ನಲವತ್ತೈದು ವರ್ಷ. ಹೆಗಲ ಚೀಲದಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕ್, ಅದರೊಳಗೆ ಇನ್ಸುಲಿನ್. ನಿನ್ನೆ ಬೆಳಗಿನದು ತಪ್ಪಿದೆ, ರಾತ್ರಿಯದು ತಪ್ಪಿದೆ, ಇವತ್ತು ಬೆಳಗಿನದೂ ತಪ್ಪಿದೆ. ಸಂಜೆಯೊಳಗೆ ಸಿಗದಿದ್ದರೆ ಜೀವದ ಮಾತು ಅಂತ ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಈಗ ಮಧ್ಯಾಹ್ನ ಒಂದೂವರೆ.

"ಇವರು ನಮ್ಮ ಅಪ್ಪಾಜಿ ಅಲ್ಲ," ಅಂದಳು ಸುವರ್ಣಾ. ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಓದಿದ ಹಾಗಿತ್ತು.

"ನಾಗಭೂಷಣ್," ಬಸವರಾಜೇಶ್ವರಿ ತಲೆ ಎತ್ತಲಿಲ್ಲ. "ಕಳೆದ ಭಾನುವಾರ ಪಟ್ಟಿ ಕಟ್ಟಿದ್ದು ಯಾರು?"

"ನಾನೇ ಮೇಡಂ. ಪ್ರತಿ ತಿಂಗಳೂ ನಾನೇ ಅಲ್ವಾ?"

"ಒಳಗಡೆ ನಂಬರಿರುತ್ತೆ. ನೋಡಿ ಕಟ್ಟಿದ್ರಾ?"

ಅವನು ಆಂಟೆನಾವನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದ.

"ನೋಡಲಿಲ್ಲ ಮೇಡಂ."

ತಿಂಗಳಿಗೊಮ್ಮೆ ಬ್ಯಾಟರಿ ಬದಲಿಸಬೇಕು. ಸಮುದಾಯ ಭವನದಲ್ಲಿ ಎಲ್ಲರನ್ನೂ ಸೇರಿಸಿ, ಹಳೆ ಪಟ್ಟಿ ಕತ್ತರಿಸಿ, ಬ್ಯಾಟರಿ ಹಾಕಿ, ಹೊಸ ಪಟ್ಟಿ ಕಟ್ಟುವುದು. ಕೈಗೆ ಏನೋ ಕಟ್ಟುತ್ತಾರೆ ಎಂದರೆ ಹಿರಿಯರು ಹೆದರಿ ಕಿತ್ತುಕೊಳ್ಳುತ್ತಿದ್ದರು, ಕೆಲವರು ಹೊಡೆಯುತ್ತಿದ್ದರು. ಕೊನೆಗೆ ನಾಗಭೂಷಣನೇ ಒಂದು ದಾರಿ ಹುಡುಕಿದ್ದ. ಮಕ್ಕಳ ಹೆಸರು ಮರೆತವರೂ ಲಿಂಗಪೂಜೆ ಮರೆತಿರಲಿಲ್ಲ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತರೆ ಕಾಲು ಗಂಟೆ ಮಿಸುಕಾಡುತ್ತಿರಲಿಲ್ಲ. ಆ ಕಾಲು ಗಂಟೆಯಲ್ಲಿ, ಸಾಲಾಗಿ ಕೂತವರ ಬಲಗೈಗೆ, ಅವರವರ ಮುಂದಿನ ವಿಭೂತಿ ತಟ್ಟೆಯಲ್ಲಿಟ್ಟ ಪಟ್ಟಿಯನ್ನು ಸದ್ದಿಲ್ಲದೆ ಕಟ್ಟಿ ಮುಂದೆ ಹೋಗುತ್ತಿದ್ದ.

"ತಟ್ಟೇಲಿ ಇಡೋವಾಗ ನಂಬರು ನೋಡಿಯೇ ಇಟ್ಟಿದ್ದೆ ಮೇಡಂ. ಕಟ್ಟೋವಾಗ ಏನಿತ್ತೋ ಅದನ್ನ ಕಟ್ಟಿದೆ. ಪೂಜೇಲಿ ಕೂತವರನ್ನ ಅಲುಗಾಡಿಸಿ, ಇದು ನಿಮ್ಮದಾ ಅಂತ ಹೇಗೆ ಕೇಳೋದು?"

"ಕೇಳೋಕಾಗಲ್ಲ," ಅಂದಳು ಬಸವರಾಜೇಶ್ವರಿ. ಬೈಯುವ ಶಕ್ತಿ ಅವಳಲ್ಲಿರಲಿಲ್ಲ. ಅವನ ಜಾಗದಲ್ಲಿ ಅವಳೇ ಇದ್ದಿದ್ದರೂ ಕೇಳುತ್ತಿರಲಿಲ್ಲ.

"ಅಂದ್ರ ತಾಟು ಅದಲು ಬದಲು ಆದದ್ದಕ್ಕ ಇಷ್ಟೆಲ್ಲಾ ಆತೇನ್ರಿ?" ಅಂದಳು ದಾನಮ್ಮ.

ಮೂವರೂ ಅವಳ ಕಡೆ ತಿರುಗಿದರು.

"ನನ್ನ ಹಂಗ ನೋಡಬ್ಯಾಡ್ರಿ. ನಾ ಮಾಡಿಲ್ಲ. ನಮ್ಮತ್ತಿ ಮಗ್ಗಲಾಗ ಒಬ್ಬ ಅಜ್ಜಾರು ಕುಂತಿದ್ರು, ಬಿಳಿ ಪಂಚಿ, ದಪ್ಪ ಕನ್ನಡಕ. ಪೂಜಾ ಸುರು ಆಗೂದಕ್ಕ ಮೊದ್ಲ, ತಮ್ಮ ತಾಟು ನಮ್ಮತ್ತಿ ಮುಂದ ಸರಿಸಿ, ಆಕಿದು ತಾವು ತಗೊಂಡ್ರು. 'ತಾಯಿ, ಇವತ್ತು ನಿಮ್ಮದು ನನಗಿರಲಿ' ಅಂದ್ರು. ನಾ ಅಂದ್ಕೊಂಡೆ, ದೊಡ್ಡವರು, ಭಕ್ತಿ ಇರಬೇಕು ಅಂತ."

"ಬೇರೆ ಏನಾದ್ರೂ ಮಾತಾಡಿದ್ರಾ?"

"ಅದಕ್ಕೂ ಮೊದ್ಲು ಒಂದು ಮಾತು ಕೇಳಿದ್ರು. 'ಇವರು ಈಗಲೂ ಮನೆ ಬಿಟ್ಟು ಹೋಗ್ತಾರೇನಮ್ಮಾ?' ಅಂತ. ಇಲ್ರೀ ಅಜ್ಜಾರ, ಇನ್ನೆಲ್ಲಿ ಹೋಗೂದು, ಆಕಿನ್ನ ಯಾರೂ ಹುಡುಕೂ ಕೆಲಸ ಇಲ್ಲ ಅಂದೆ. ನಕ್ಕರು. ಭಾಳ ಛಲೋ ನಗು ಅವರದು."

ಸುವರ್ಣಾ ಫ್ಲಾಸ್ಕಿನ ಮುಚ್ಚಳವನ್ನು ಇನ್ನಷ್ಟು ಬಿಗಿಮಾಡಿದಳು. ಅದು ಆಗಲೇ ಬಿಗಿಯಾಗಿತ್ತು.

"ಸಾಧ್ಯ ಇಲ್ಲ," ಅಂದಳು. "ಅಪ್ಪಾಜಿಗೆ ಕಾಫಿ ಕುಡಿದದ್ದು ನೆನಪಿರಲ್ಲ. ನನ್ನನ್ನ ಅಮ್ಮ ಅಂದ್ಕೋತಾರೆ. ಅವರು ಇಷ್ಟೆಲ್ಲಾ ಯೋಚನೆ ಮಾಡಕ್ಕಾಗಲ್ಲ. ಯಾರೋ ಹೇಳಿಕೊಟ್ಟಿದಾರೆ."

ಬಸವರಾಜೇಶ್ವರಿ ಅಕ್ಕವ್ವನ ಕೈಯನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. ತಪ್ಪಿಸಿಕೊಂಡು ಹೋಗುವವನು ಪಟ್ಟಿ ಬಿಚ್ಚಬಹುದು. ಬಿಚ್ಚಿದರೆ ಮನೆಯವರಿಗೆ ಆ ಹೊತ್ತಿಗೇ ಗೊತ್ತಾಗುತ್ತದೆ. ಗಂಗಾಧರಯ್ಯನವರು ಬಿಚ್ಚಲಿಲ್ಲ. ಯಾರೂ ಯಾವತ್ತೂ ಹುಡುಕದ ಒಂದು ನಂಬರನ್ನು ಆರಿಸಿ ಕಟ್ಟಿಸಿಕೊಂಡರು.

"ಅಕ್ಕವ್ವನ ನಂಬರು ಎಷ್ಟು?"

"ಹನ್ನೊಂದು ಮೇಡಂ," ಅಂದ ನಾಗಭೂಷಣ್.

"ಹನ್ನೊಂದಕ್ಕೆ ಹಾಕಿ."

ಅವನು ರಿಸೀವರಿನ ತಿರುಗಣೆ ತಿರುಗಿಸಿದ. ಕೋಣೆಯಲ್ಲಿ ಟಕ್ ಟಕ್ ನಿಂತಿತು. ಸೊರಸೊರ ಸದ್ದು ಮಾತ್ರ ಉಳಿಯಿತು. ಅಕ್ಕವ್ವ ಮೊದಲ ಸಲ ತಲೆ ಎತ್ತಿ, ಏನೋ ನಿಂತುಹೋಯಿತಲ್ಲ ಎನ್ನುವ ಹಾಗೆ ಸುತ್ತ ನೋಡಿದಳು.

* * *

ಓಮ್ನಿ ವ್ಯಾನಿನ ಮುಂದಿನ ಸೀಟಿನಲ್ಲಿ ಬಸವರಾಜೇಶ್ವರಿ ಕಣ್ಣು ಮುಚ್ಚಿ ಕೂತಿದ್ದಳು. ಚಿಕ್ಕವಳಿದ್ದಾಗ ಮಠದಲ್ಲಿ ಪುರಾಣ ಓದುವ ಸಂಜೆಗಳಲ್ಲಿ ಹೀಗೇ ಕೂರುತ್ತಿದ್ದಳು. ಓದುವವರ ಉಸಿರು ಎಲ್ಲಿ ನಿಂತು ಎಲ್ಲಿ ಹೊರಡುತ್ತದೆ ಎಂದು ಕೇಳುತ್ತ. ಈಗ ಸೊರಸೊರ ಸದ್ದಿನ ನಡುವೆ ಒಂದೇ ಒಂದು ಟಕ್‌ಗಾಗಿ ಕೇಳುತ್ತಿದ್ದಳು.

ಕಾರ್ಡ್ ರೋಡಿನಲ್ಲಿ ಮೆಟ್ರೊ ಕಂಬಕ್ಕೆ ಅಗೆದ ಗುಂಡಿಗಳ ಸುತ್ತ ತಗಡು ನಿಲ್ಲಿಸಿದ್ದರು. ತಗಡಿಗೆ ಬಡಿದು ಸಿಗ್ನಲ್ ಎತ್ತೆತ್ತಲೋ ಚೆಲ್ಲುತ್ತದೆ. ನಾಗಭೂಷಣ್ ಬೈದುಕೊಳ್ಳುತ್ತ ಒಳರಸ್ತೆಗೆ ತಿರುಗಿಸಿದ.

"ಅಪ್ಪಾಜಿಗೆ ಗೊತ್ತಿರೋರು ಈ ಕಡೆ ಯಾರಾದ್ರೂ ಇದಾರಾ?" ಬಸವರಾಜೇಶ್ವರಿ ಕಣ್ಣು ತೆರೆಯದೆ ಕೇಳಿದಳು.

ಹಿಂದಿನ ಸೀಟಿನಲ್ಲಿದ್ದ ಸುವರ್ಣಾ ಮುಂದಕ್ಕೆ ಬಾಗಿದಳು.

"ಹನುಮಕ್ಕ ಅಂತ, ನಮ್ಮ ಮನೆ ಅಡುಗೆಗೆ ಬರ್ತಿದ್ಲು. ಮಾರೇನಹಳ್ಳಿ ಕಡೆಯವಳು. ಮೂರು ತಿಂಗಳಾಯ್ತು, ಬಿಡಿಸಿದೆ."

"ಯಾಕೆ?"

"ಇನ್ಸುಲಿನ್ ಕೊಟ್ಟು ನಾನು ಕೆಲಸಕ್ಕೆ ಹೊರಟಮೇಲೆ ಅಪ್ಪಾಜಿಗೆ ಬೆಲ್ಲದ ಪಾನಕ ಕುಡಿಸ್ತಿದ್ಲು. ಶುಗರ್ ಪೇಷೆಂಟ್‌ಗೆ. ಕೇಳಿದ್ರೆ, ಅಯ್ಯನೋರು ಬೆವರ್ತಾರೆ ಕಣಮ್ಮಾ, ಪಾನಕ ಕುಡಿದ್ರೆ ಕಣ್ಣು ಬಿಡ್ತಾರೆ ಅಂತಾಳೆ." ಸುವರ್ಣಾ ಫ್ಲಾಸ್ಕನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಅವಳೇ ಕರ್ಕೊಂಡು ಹೋಗಿರೋದು. ಈಗ ಅರ್ಥ ಆಯ್ತು ನನಗೆ," ಅಂದಳು.

ಅಷ್ಟರಲ್ಲಿ ಬಂತು. ಬಲು ಸಣ್ಣಗೆ. ಟಕ್.

"ನಿಲ್ಸಿ," ಅಂದಳು ಬಸವರಾಜೇಶ್ವರಿ.

ನಾಗಭೂಷಣ್ ಇಳಿದು ಆಂಟೆನಾ ಎತ್ತಿ ನಿಧಾನ ಸುತ್ತಿದ. ಹಾಲಿನ ಬೂತಿನ ಮುಂದೆ ನಿಂತಿದ್ದ ಒಬ್ಬರು ಹತ್ತಿರ ಬಂದರು.

"ಕೇಬಲ್ನೋರಾ ಸಾರ್? ನಮ್ಮ ಮನೇಲಿ ನಿನ್ನೆಯಿಂದ ಒಂದು ಚಾನಲ್ಲೂ ಬರ್ತಿಲ್ಲ."

"ಅಲ್ಲ ಅಣ್ಣ. ಒಬ್ಬರು ವಯಸ್ಸಾದೋರು ಕಳೆದುಹೋಗಿದಾರೆ."

"ಅದಕ್ಕೆ ಆಂಟೆನಾ ಹಿಡ್ಕೊಂಡಿದೀರಾ?" ಆತ ಒಮ್ಮೆ ಆಂಟೆನಾ ನೋಡಿದ, ಒಮ್ಮೆ ನಾಗಭೂಷಣನ ಮುಖ ನೋಡಿದ, ಹಾಲಿನ ಸಾಲಿಗೆ ವಾಪಸ್ ಹೋಗಿ ನಿಂತ.

ಟಕ್ ಟಕ್ ಮಾರೇನಹಳ್ಳಿಯ ಒಳಗೊಳಗೆ ಎಳೆದುಕೊಂಡು ಹೋಯಿತು. ಒಂದು ಹಿಟ್ಟಿನ ಮಿಷನ್ನಿನ ಮುಂದೆ ಬಂದಾಗ ರಿಸೀವರ್ ಕರಕರ ಎಂದು ಒದರಿ ಎಲ್ಲವನ್ನೂ ನುಂಗಿತು. ಮೋಟಾರಿನ ಕಿಡಿಗೆ ಹಾಗಾಗುತ್ತದೆ. ಬಸವರಾಜೇಶ್ವರಿಯೇ ಒಳಗೆ ಹೋಗಿ, ಎರಡು ನಿಮಿಷ ನಿಲ್ಲಿಸಿ ಅಂತ ಕೇಳಿದಳು. ರಾಗಿ ತಂದು ಸಾಲು ನಿಂತಿದ್ದ ಹೆಂಗಸೊಬ್ಬಳು, "ಇವರಿಗೂ ಇದೇ ಹೊತ್ತು ಬೇಕಿತ್ತು," ಅಂತ ಗೊಣಗಿದಳು. ಮೋಟಾರು ನಿಂತಿತು.

ಸದ್ದಡಗಿದ ಬೀದಿಯಲ್ಲಿ ಟಕ್ ಟಕ್ ಸ್ಪಷ್ಟವಾಗಿ ಕೇಳಿಸಿತು. ಮಿಷನ್ನಿನ ಹಿಂದೆ, ಓಣಿಯ ಕೊನೆಯಲ್ಲಿ, ಶೀಟಿನ ಮಾಡಿನ ಮನೆ. ಬಾಗಿಲು ತೆರೆದೇ ಇತ್ತು.

* * *

ಗಂಗಾಧರಯ್ಯನವರು ಚಾಪೆಯ ಮೇಲೆ ಕಾಲು ಮಡಚಿ ನೆಟ್ಟಗೆ ಕೂತಿದ್ದರು. ದಪ್ಪ ಕನ್ನಡಕ. ಹಣೆಯಲ್ಲಿ ವಿಭೂತಿ. ಪಕ್ಕದಲ್ಲಿ ನೀರಿನ ಚೊಂಬು. ಬಲಗೈಯಲ್ಲಿ ಬೂದು ಪಟ್ಟಿ.

ಬದುಕಿದ್ದರು.

ಬಸವರಾಜೇಶ್ವರಿ ತನ್ನೊಳಗೆ ಏನಾದರೂ ಕದಲುತ್ತದೇನೋ ಎಂದು ಒಂದು ಕ್ಷಣ ಕಾದಳು. ಏನೂ ಕದಲಲಿಲ್ಲ. ಕೈ ಚಾಚಿ ರಿಸೀವರ್ ಆರಿಸಿದಳು.

"ಅಪ್ಪಾಜಿ," ಅಂದಳು ಸುವರ್ಣಾ.

ಒಳಗಿನಿಂದ ಹನುಮಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಾನು ಕರ್ಕೊಂಡು ಬಂದಿಲ್ಲ ಕಣಮ್ಮಾ. ಅವ್ರೇ ಆಟೋ ಮಾಡ್ಕೊಂಡು ಬಂದವ್ರೆ. ಹೇಳಿಕಳಿಸ್ತೀನಿ ಅಂದ್ರೆ ಬ್ಯಾಡ ಅಂತಾರೆ. ಬೆಳಿಗ್ಗೆಯಿಂದ ನಾಲ್ಕು ಚೊಂಬು ನೀರು ಕುಡಿದವ್ರೆ. ನಂಗೂ ಭಯ ಆಗೋಗದೆ."

"ಬೆಲ್ಲ ಕೊಟ್ಟೆಯಾ?"

"ಈಗ ಯಾಕಮ್ಮಾ ಬೆಲ್ಲ? ಆಗ ಬೇಕಿತ್ತು, ಆಗ ಕೊಟ್ಟೆ."

ಸುವರ್ಣಾ ಅವಳನ್ನು ದಾಟಿ ಚಾಪೆಯ ಅಂಚಿನಲ್ಲಿ ಮಂಡಿಯೂರಿದಳು. ಫ್ಲಾಸ್ಕ್ ತೆಗೆದಳು. ಸಿರಿಂಜಿಗೆ ಔಷಧ ಎಳೆದಳು. ವರ್ಷಗಟ್ಟಲೆ ಮಾಡಿದ ಕೆಲಸ.

ಬಸವರಾಜೇಶ್ವರಿ ಹತ್ತಿರ ಹೋದಳು. ಗಂಗಾಧರಯ್ಯನವರ ತುಟಿ ಒಡೆದು ಬಿಳಿಚಿತ್ತು. ಉಸಿರು ಆಳವಾಗಿ, ಎಳೆದೆಳೆದು ಬರುತ್ತಿತ್ತು. ಆ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಸಕ್ಕರೆ ಮಿತಿಮೀರಿದವರ ಉಸಿರು ಹಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಡಾಕ್ಟರು ಹೇಳಿದ ಸಂಜೆ ಆಗಲೇ ಹತ್ತಿರ ಬಂದಿತ್ತು.

"ತೋಳು ಕೊಡಿ ಅಪ್ಪಾಜಿ."

"ಬೇಡ ಸುವರ್ಣಾ."

ಅವಳ ಕೈ ನಿಂತಿತು. ವರ್ಷದ ಮೇಲಾಗಿತ್ತು, ಅಪ್ಪ ಅವಳನ್ನು ಹೆಸರು ಹಿಡಿದು ಕರೆದು.

"ನೀನು ಸುವರ್ಣಾ," ಅಂದರು ಗಂಗಾಧರಯ್ಯ ನಿಧಾನವಾಗಿ. "ಸರ್ವೆ ಇಲಾಖೆಯಿಂದ ನಾನು ನಿವೃತ್ತಿಯಾದ ವರ್ಷ ನಿನ್ನ ಮದುವೆ. ನಿಮ್ಮಮ್ಮ ಹೋದದ್ದು ಕಾರ್ತಿಕ ಸೋಮವಾರ. ಅಳಿಯ ಅಮರೇಶ. ಹೇಳು, ಇನ್ನೇನು ಕೇಳ್ತೀಯ? ಹೇಳ್ತೀನಿ."

ಹೊರಗೆ ಹಿಟ್ಟಿನ ಮಿಷನ್ನು ಮತ್ತೆ ಶುರುವಾಗಿತ್ತು.

"ಅದು ಚುಚ್ಚಿದ ಮೇಲೆ ನನಗೆ ಏನೂ ತಿಳಿಯಲ್ಲ. ಮೈ ಬೆವರುತ್ತೆ, ಕೈ ನಡುಗುತ್ತೆ, ಆಮೇಲೆ ಬರೀ ಮಬ್ಬು. ಹನುಮಕ್ಕ ಬೆಲ್ಲ ಕೊಟ್ಟರೆ ಸ್ವಲ್ಪ ತಿಳಿ ಆಗ್ತಿತ್ತು. ಅವಳನ್ನ ನೀನು ಕಳಿಸಿಬಿಟ್ಟೆ. ಬೆಳಗಿನ ಜಾವ, ಚುಚ್ಚೋ ಮೊದಲು, ಒಂದರ್ಧ ಗಂಟೆ ನಾನು ನಾನಾಗಿರ್ತೀನಿ. ಆ ಅರ್ಧ ಗಂಟೇಲಿ ಏನು ಮಾಡಬೇಕೋ ಅದನ್ನ ಮಾಡಿದೆ."

ಸುವರ್ಣಾ ಬಸವರಾಜೇಶ್ವರಿಯ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿರಲಿಲ್ಲ. ಒರೆಸಿ ಇಟ್ಟ ತಟ್ಟೆಯ ಹಾಗಿತ್ತು.

"ಇದು ಕಾಯಿಲೆ ಆಡಿಸ್ತಿರೋ ಮಾತು ಮೇಡಂ. ಡಾಕ್ಟರು ಮೊದಲೇ ಹೇಳಿದ್ರು, ಕೊನೆಕೊನೆಗೆ ಮನೆಯವರ ಮೇಲೇ ಅನುಮಾನ ಪಡ್ತಾರೆ ಅಂತ. ನಿಮಗೂ ಗೊತ್ತಲ್ವಾ? ನೀವು ಎಷ್ಟು ಜನರನ್ನ ನೋಡಿಲ್ಲ?"

ಗೊತ್ತಿತ್ತು. ಸೊಸೆ ವಿಷ ಹಾಕುತ್ತಾಳೆ ಅಂತ ಅನ್ನ ಬಿಟ್ಟವರನ್ನು, ಮಗ ಕಳ್ಳ ಅಂತ ಬೀದಿಯಲ್ಲಿ ಕೂಗಿದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವರೆಲ್ಲ ಹೀಗೇ ಹೇಳುತ್ತಿದ್ದರು. ಕೆಲವರು ಹೀಗೇ ನೆಟ್ಟಗೆ ಕೂತು ಹೇಳುತ್ತಿದ್ದರು.

"ಒಂದು ವಿಷಯ ಹೇಳಿ," ಅಂದಳು. "ಭಾನುವಾರ ಭವನಕ್ಕೆ ಬಂದಾಗ ಬೆಳಗಿನ ಇಂಜೆಕ್ಷನ್ ಕೊಟ್ಟಿದ್ರಾ?"

"ಇಲ್ಲ. ಪೂಜೆ ಆಗದೆ ಅಪ್ಪಾಜಿ ಏನೂ ತಿನ್ನಲ್ಲ. ತಿನ್ನದೆ ಇನ್ಸುಲಿನ್ ಕೊಡೋ ಹಾಗಿಲ್ಲ. ಪೂಜೆ ಮುಗಿದು, ಪ್ರಸಾದ ಆದಮೇಲೆ ಕೊಟ್ಟೆ."

"ನಿನ್ನೆ ಬೆಳಿಗ್ಗೆ?"

"ಆರೂವರೆಗೆ ಕೊಡೋದು. ಆರಕ್ಕೇ ಹೊರಟುಹೋಗಿದ್ರಲ್ಲ."

ತಟ್ಟೆ ಬದಲಿಸಿದ ಹೊತ್ತು, ಮನೆ ಬಿಟ್ಟ ಹೊತ್ತು. ಎರಡು ಸಲವೂ ಆ ಸೂಜಿ ಇನ್ನೂ ಒಳಗೆ ಹೋಗಿರಲಿಲ್ಲ. ಬೆವರು, ನಡುಕ, ಬೆಲ್ಲ ಕೊಟ್ಟರೆ ತಿಳಿಯಾಗುವುದು; ಇನ್ಸುಲಿನ್ ಮಿತಿಮೀರಿ ಹೋದಾಗ ಹೀಗಾಗುತ್ತದೆ.

"ಈ ಔಷಧ ಯಾರು ತರೋದು?"

"ನಮ್ಮೆಜಮಾನರು. ಅಮರೇಶ್." ಸುವರ್ಣಾ ಕೈಯಲ್ಲಿದ್ದ ಸಿರಿಂಜನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಆ ಯೋಚನೆಯನ್ನು ಯಾವುದೋ ಕಪಾಟಿಗೆ ಸೇರಿಸಿ ಬಾಗಿಲು ಹಾಕಿದ ಹಾಗೆ ತಲೆ ಎತ್ತಿದಳು. "ಎಷ್ಟು ಕೊಡಬೇಕು ಅಂತ ಅವರೇ ಬರೆದಿಟ್ಟಿರ್ತಾರೆ, ನಾನು ಕೊಡ್ತೀನಿ. ಮೇಡಂ, ಇದೆಲ್ಲಾ ಆಮೇಲೆ. ಅವರ ಉಸಿರು ನೋಡಿ. ಕೊಡದೇ ಇದ್ರೆ ಅಪ್ಪಾಜಿ ಉಳಿಯಲ್ಲ."

ಅದೂ ನಿಜವಾಗಿತ್ತು.

ಗಂಗಾಧರಯ್ಯನವರು ಎರಡೂ ತೋಳನ್ನು ಶಲ್ಯದೊಳಗೆ ಎಳೆದುಕೊಂಡರು. "ಮಬ್ಬಿನಲ್ಲಿ ಬದುಕೋದಕ್ಕಿಂತ ತಿಳಿಯಾಗಿ ಹೋಗ್ತೀನಿ ಕಣಮ್ಮಾ," ಅಂದರು. ಆಮೇಲೆ ಬಸವರಾಜೇಶ್ವರಿಯತ್ತ ನೋಡಿ, "ನೀವು ಹುಡುಕೋರು. ಹುಡುಕಿದ್ರಿ. ಇನ್ನು ಬಿಟ್ಟುಬಿಡಿ," ಅಂದರು. ಕೊನೆಯ ಮಾತು ಅರ್ಧ ಉಸಿರಿನಲ್ಲೇ ಕರಗಿತು. ಕನ್ನಡಕದ ಹಿಂದೆ ರೆಪ್ಪೆ ಭಾರವಾಗಿ ಇಳಿಯುತ್ತಿತ್ತು.

"ಮೇಡಂ, ಓಮ್ನಿ ಇಲ್ಲೀವರೆಗೂ ತರ್ಲಾ? ಆಸ್ಪತ್ರೆಗೆ?" ನಾಗಭೂಷಣ್ ಬಾಗಿಲಲ್ಲಿ ನಿಂತಿದ್ದ.

"ಆಸ್ಪತ್ರೆ ಮುಟ್ಟೋವರೆಗೂ ಇರ್ತಾರಾ ನೋಡಿ," ಅಂದಳು ಸುವರ್ಣಾ. ಸೂಜಿಯ ಮುಚ್ಚಳ ತೆಗೆದಳು. ತುದಿಯಲ್ಲಿ ಒಂದು ಹನಿ ನಿಂತಿತು. "ಅಪ್ಪಾಜಿ ಸುಮ್ಮನೆ ಕೂರಲ್ಲ, ನನ್ನೊಬ್ಬಳ ಕೈಲಿ ಆಗಲ್ಲ. ಮೇಡಂ, ಕೈ ಮುಗಿದು ಕೇಳ್ಕೋತೀನಿ. ಅವರ ತೋಳು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ."

ಬಸವರಾಜೇಶ್ವರಿ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲ," ಅಂದಳು. "ನಾನು ಹಿಡ್ಕೊಳ್ಳಲ್ಲ."